ಗ್ರೀಷ್ಮದ ಗಾನೋತ್ಸವವೂ ಪ್ರಸಂಗಕವಿಯ ವಾಗ್ಗೇಯಕಾರತ್ವವೂ

ವಾಗ್ಗೇಯಕಾರರ ಹೆಸರಿನಲ್ಲಿ ಗಾನೋತ್ಸವಗಳನ್ನು ನಡೆಯಿಸುವ ಪದ್ಧತಿಯು ಪೂರ್ವ ಪಶ್ಚಿಮ ದೇಶಗಳೆರಡರಲ್ಲಿಯೂ ರೂಢವಾಗಿದೆ. ಅವುಗಳಲ್ಲಿ ಹಲವು ಬೇಸಗೆಯಲ್ಲಿಯೇ ನಡೆಯುವುವು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಗೂ ಬೇಸಗೆಯೆಂದರೆ ಗಾನದ ಕಾಲವೇ ಸರಿ. ಕೊಯ್ಲು ಮುಗಿದ ಗದ್ದೆಗಳಲ್ಲಿ ಚೌಕಿ ಕಟ್ಟಿ, ರಂಗಸ್ಥಳವನ್ನಿಟ್ಟು, ಇರುಳೆಲ್ಲ ಬಯಲಾಟವನ್ನಾಡುವ ಮೇಳಗಳು ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುವವರೆಗೆ ಅಲ್ಲಿ ಹಾಡಲ್ಪಡುವ ಪದಗಳಿಗೆ ಲೆಕ್ಕವಿಲ್ಲ. ಆದರೆ ಆ ಪದಗಳನ್ನು ಕಟ್ಟಿದವನು ಯಾರೆಂದು ಕೇಳಿ ತಿಳಿಯುವ ಪ್ರೇಕ್ಷಕರು ವಿರಳ. ತಿಳಿದವರಾದರೂ ಅವನನ್ನು ಕವಿಯೆಂದು ಕರೆವರೇ ಹೊರತು ವಾಗ್ಗೇಯಕಾರನೆಂದು ಕರೆಯುವುದಿಲ್ಲ. ಈ ವ್ಯವಹಾರವು ಯುಕ್ತವೇ, ಯುಕ್ತವಲ್ಲವಾದರೆ ಪ್ರಸಂಗಕವಿಗೆ ಸಲ್ಲತಕ್ಕ ಗೌರವದ ಸ್ವರೂಪವೇನು, ಎಂಬುದೇ ಇಲ್ಲಿ ವಿಚಾರ್ಯವಾದ ವಿಷಯ.

ಮೊದಲು ಉತ್ಸವಗಳ ಸ್ವರೂಪವನ್ನು ನೋಡಬಹುದು. ಯೂರೋಪಿನಲ್ಲಿ ರಮ್ಯಸಂಪ್ರದಾಯವು ಪ್ರಬಲವಾಗಿದ್ದ ಹತ್ತೊಂಬತ್ತನೆಯ ಶತಮಾನವು ಗಾನೋತ್ಸವಗಳ ಶತಮಾನವೂ ಆಗಿತ್ತು. ಜರ್ಮನಿಯ ರೈನ್ ನದಿಯ ಕೆಳದಂಡೆಯ ಪಟ್ಟಣಗಳಲ್ಲಿ ೧೮೧೮ರಲ್ಲಿ ಮೊದಲಾದ ಉತ್ಸವವು ಬೇಸಗೆಯ ಆರಂಭದಲ್ಲಿ ಬರುವ ಕ್ರೈಸ್ತರ ಪರ್ವದಲ್ಲಿ ನಡೆಯುತ್ತಿತ್ತು. ಮೆಂಡೆಲ್ಸಾನನು ಅದನ್ನು ಅನೇಕ ಸಲ ನಿರ್ವಹಿಸಿದನು. ೧೮೭೬ರ ಆಗಸ್ಟಿನಲ್ಲಿ ವಾಗ್ನರನು ಬೈರಾಯ್ಟ್ ಎಂಬ ಊರಿನಲ್ಲಿ ತನ್ನ ಗೀತನಾಟಕಗಳಿಗಾಗಿಯೇ ಕಟ್ಟಿಸಿದ ರಂಗಮಂದಿರವನ್ನು ತೆರೆದನು. ಇನ್ನು ಶೂಬರ್ಟನ ಹೆಸರಿನ ಉತ್ಸವವು ಆಸ್ಟ್ರಿಯದ ಹೋಹೆನೆಮ್ಸ್ ಎಂಬಲ್ಲಿ ೧೯೭೬ರಲ್ಲಿ ಸ್ಥಾಪಿತವಾಯಿತು. ಅವನು ಬದುಕಿದ್ದಾಗ ವಿಯೆನ್ನಾ ನಗರದ ಮಿತ್ರರು ಅವನ ಹಾಡುಗಳನ್ನು ಕೇಳಲು ಮನೆಗಳಲ್ಲಿ ಸೇರುತ್ತಿದ್ದ ಗೋಷ್ಠಿಗಳ ಹೆಸರನ್ನೇ ಈ ಉತ್ಸವಕ್ಕೆ ಇಟ್ಟಿದ್ದಾರೆ.

ಕನ್ನಡನಾಡಿನಲ್ಲಿ ಬೇಸಗೆಯ ಗಾನೋತ್ಸವವೆಂದರೆ ಶ್ರೀರಾಮನವಮಿಯದು. ಬೆಂಗಳೂರಿನ ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಲಿಯ ಉತ್ಸವವು ೧೯೩೯ರಲ್ಲಿ ಆರಂಭವಾದುದು. ಅಲ್ಲಿ ಆರಾಧ್ಯನು ಶ್ರೀರಾಮನಾದರೂ, ವೇದಿಕೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ವಾಣಿಯು ಶೂಬರ್ಟನ ಸಮಕಾಲೀನನಾದ ತ್ಯಾಗರಾಜನದು (೧೭೬೭-೧೮೪೭). ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ತ್ಯಾಗರಾಜನು ಬಿಡಿ ಕೃತಿಗಳನ್ನಲ್ಲದೆ ಪ್ರಹ್ಲಾದಭಕ್ತಿವಿಜಯ, ನೌಕಾಚರಿತ್ರ ಎಂಬ ಗೇಯನಾಟಕಗಳನ್ನೂ ರಚಿಸಿದ್ದಾನೆ. ಇವುಗಳಿಂದ ಆಯ್ದ ಒಂದೆರಡು ಪದಗಳು ಕಚೇರಿಗಳಲ್ಲಿ ಕೇಳಿಬರಬಹುದು. ನಾಟಕವು ನಾಟಕವಾಗಿ ಹಾಡಲ್ಪಡುವುದು ಅಪೂರ್ವ. ಬಿಡಿಕೃತಿಯ ಕರ್ತನಿಗೆ ದೊರೆವ ಮನ್ನಣೆಯು ರಂಗಗೀತದ ಕರ್ತನಿಗೆ ದೊರೆಯದೆಂಬುದಕ್ಕೆ ಅಂಥ ಮಹಾಪುರುಷನ ಕೃತಿಗಳೇ ಸಾಕ್ಷಿಯಾಗಿವೆ. ಇದಕ್ಕೆ ಅಪವಾದವಾಗಿ ತಂಜಾವೂರು ಸೀಮೆಯ ಮೇಲತ್ತೂರಿನಲ್ಲಿ ವೈಶಾಖದ ನರಸಿಂಹಜಯಂತಿಯ ಸಂದರ್ಭದಲ್ಲಿ ವೆಂಕಟರಾಮಶಾಸ್ತ್ರಿಯ ತೆಲುಗು ನಾಟಕಗಳನ್ನು ಭಾಗವತಮೇಳದವರು ಆಡುತ್ತಾರೆ. ಅಲ್ಲಿ ಕವಿಯ ಉತ್ಸವವೆಂದರೆ ಕವಿಯ ಪಾಠವನ್ನು ಹಾಡುವುದೇ ಆಗಿದೆ.

ರಮ್ಯಯುಗದ ಗಾನವನ್ನು ಕನ್ನಡಿಗರೊಬ್ಬರು ಗೌರವಿಸಿದ ನಿದರ್ಶನವೂ ಸ್ಮರಣೀಯ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಆ ಸಂಪ್ರದಾಯದ ಕಡೆಯ ಕುಡಿಯೆನ್ನಬಹುದಾದ ರಷ್ಯದ ನಿಕೊಲಾಯ್ ಮೆಟ್ನರನ ಕೃತಿಗಳನ್ನು, ಅವನ ಮುಪ್ಪಿನ ಕಾಲದಲ್ಲಿ, ಅವನ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸುವುದಕ್ಕೆ ದ್ರವ್ಯಸಹಾಯ ಮಾಡಿದರು. ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳು ೧೯೫೦ರ ಮೇ ೨೨ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಹಾಡಲ್ಪಟ್ಟುದು ಸಹ ಅವರ ಸಹಾಯದಿಂದಲೇ. ತಾವೇ 'ಶ್ರೀವಿದ್ಯಾ' ಅಂಕಿತದಿಂದ ಕರ್ಣಾಟಕ ಕೃತಿಗಳನ್ನು ರಚಿಸಿದ ಆ ಅರಸರಿಗೆ ವಾಗ್ಗೇಯಕಾರನನ್ನು ಗೌರವಿಸುವ ಬಗೆ ತಿಳಿದಿತ್ತು. ಅವರು ಮೆಟ್ನರನಿಗೆ ಶಾಲು ಹೊದಿಸಲಿಲ್ಲ. ಅವನ ನಾದವು ಅವನ ಸಂಕಲ್ಪದಂತೆಯೇ ಉಳಿಯುವ ಹಾಗೆ ಮಾಡಿದರು.

ಈ ನಿದರ್ಶನಗಳಿಂದ ಗೌರವವು ಎರಡು ಬಗೆಯೆಂದು ತಿಳಿಯುತ್ತದೆ. ಒಂದು ನಾಮಪೂಜೆ, ಇನ್ನೊಂದು ಪಾಠರಕ್ಷೆ. ಮೊದಲನೆಯದು ಸುಲಭ, ಎರಡನೆಯದಿಲ್ಲದೆ ಮೊದಲನೆಯದು ವ್ಯರ್ಥ.

ಇನ್ನು ಪ್ರಕೃತ ವಿಷಯ. ಇಲ್ಲಿ ಪೂರ್ವಪಕ್ಷವು ಶಾಸ್ತ್ರದಿಂದಲೇ ಏಳುತ್ತದೆ. ಸಂಗೀತರತ್ನಾಕರದಲ್ಲಿ ಶಾರ್ಙ್ಗದೇವನು ಸಾಹಿತ್ಯವನ್ನು ಮಾತುವೆಂದೂ ಗೇಯವನ್ನು ಧಾತುವೆಂದೂ ವಿಭಾಗಿಸಿ, ಎರಡನ್ನೂ ರಚಿಸುವವನು ವಾಗ್ಗೇಯಕಾರನೆಂದು ಹೇಳಿದ್ದಾನೆ. ಅನ್ಯರ ಧಾತುವಿಗೆ ಮಾತನ್ನು ಹೊಂದಿಸುವವನಿಗೆ ಅವನಿಟ್ಟ ಹೆಸರು ಕುಟ್ಟಿಕಾರ. ಪ್ರಸಂಗಕವಿಯು ಮಾಡುವುದು ಇದನ್ನೇ ಅಲ್ಲವೆ? ಭಾಗವತರ ಪರಂಪರೆಯಲ್ಲಿ ಮೊದಲೇ ಇರುವ ಮಟ್ಟುಗಳನ್ನು ಹಿಡಿದು ಅವನು ಪದವನ್ನು ಕಟ್ಟುತ್ತಾನೆ. ಹೊಸ ಧಾತುವನ್ನು ಕಲ್ಪಿಸುವುದು ಅವನ ಕೆಲಸವಲ್ಲ. ಆದುದರಿಂದ ಅವನು ಕುಟ್ಟಿಕಾರನೇ ಹೊರತು ವಾಗ್ಗೇಯಕಾರನಲ್ಲ. ಅವನನ್ನು ತ್ಯಾಗರಾಜಾದಿಗಳ ಸಾಲಿನಲ್ಲಿ ಕೂರಿಸುವುದು ಅನುಚಿತ, ಎಂಬುದು ಆಕ್ಷೇಪ.

ಇದಕ್ಕೆ ಸಮಾಧಾನ ಹೀಗೆ. ಲಕ್ಷಣವನ್ನು ಅಕ್ಷರಶಃ ಹಿಡಿದರೆ ಶೂಬರ್ಟನೂ ವಾಗ್ಗೇಯಕಾರನಾಗಲಾರನು. ಅವನು ರಚಿಸಿದ ಆರುನೂರಕ್ಕೆ ಮಿಕ್ಕ ಹಾಡುಗಳಲ್ಲಿ ಮಾತು ಬಹುಮಟ್ಟಿಗೆ ಗಯಟೆ, ಮ್ಯೂಲರ್ ಮೊದಲಾದ ಅನ್ಯಕವಿಗಳದು. ಧಾತು ಮಾತ್ರ ಅವನದು. ಪ್ರಸಂಗಕವಿಯ ಸ್ಥಿತಿಯು ಇದಕ್ಕೆ ವಿಪರೀತ. ಹಾಗಿದ್ದೂ ಶೂಬರ್ಟನು ಮಹಾಗೇಯಕಾರನೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಏಕೆಂದರೆ ಅವನ ಪ್ರತಿಭೆಯು ಧಾತುವಿನಲ್ಲಿ ಮಾತ್ರವಲ್ಲದೆ ಈ ಮಾತಿಗೆ ಈ ಧಾತುವೇ ತಕ್ಕುದೆಂಬ ಯೋಜನೆಯಲ್ಲಿಯೂ ಇದೆ. ಕ್ಷೇಮೇಂದ್ರನು ಕಾವ್ಯದ ಜೀವಿತವೆಂದು ಹೇಳಿದ ಔಚಿತ್ಯವು ಗೇಯದಲ್ಲಿ ಈ ಯೋಜನೆಯ ರೂಪವನ್ನು ತಾಳುತ್ತದೆ. ಪ್ರಸಂಗಕವಿಯ ಮುಂದೆ ನೂರು ಮಟ್ಟುಗಳಿವೆ. ಸಂದರ್ಭ, ಪಾತ್ರ, ರಸಗಳನ್ನು ನೋಡಿ ಅವುಗಳಲ್ಲಿ ಒಂದನ್ನು ಅವನು ಆರಿಸುತ್ತಾನೆ. ಆ ಆಯ್ಕೆಯೇ ಅವನ ಗಾನಕರ್ಮ. ಪ್ರತಿಯೊಂದು ಪದದ ತಲೆಯ ಮೇಲೆ 'ಭೈರವಿ, ಝಂಪೆತಾಳ' ಎಂದೋ 'ಸಾಂಗತ್ಯ, ರೂಪಕತಾಳ' ಎಂದೋ 'ಮಾರವಿ, ಏಕತಾಳ' ಎಂದೋ ಬರೆದಿರುವ ಶಿರೋಲೇಖವು ಆ ಕರ್ಮದ ಶಾಸನ.

ಈ ಮಾತಿನ ಗುರುತ್ವವನ್ನು ಅರಿಯಬೇಕಾದರೆ ಬಯಲಾಟದ ರಚನೆಯನ್ನು ನೆನೆಯಬೇಕು. ಅದರಲ್ಲಿ ವೇಷಧಾರಿಗಳು ಹೇಳುವ ಅರ್ಥವು ಆಶುವಾದುದು. ಇಂದಿನ ಮಾತು ನಾಳೆ ಇರದು. ಕುಣಿತ ವೇಷಗಳು ಪರಂಪರೆಯವು. ಭಾಗವತನು ಹಾಡುವ ಪದವೊಂದೇ ಕವಿಯದು. ಅದರಲ್ಲಿಯೂ ರಾಗತಾಳಗಳು ಅವನವಲ್ಲವೆಂದು ಬಿಟ್ಟರೆ ಉಳಿಯುವುದು ಅಚ್ಚಿನ ಪುಸ್ತಕದ ಅಕ್ಷರಮಾತ್ರ. ಮೆಟ್ನರನ ಕೃತಿಗೆ ಸ್ವರಲಿಪಿಯಿದೆ, ಧ್ವನಿಮುದ್ರಿಕೆಯಿದೆ. ಪ್ರಸಂಗಕವಿಗೆ ಇರುವುದು ಈ ಒಂದು ಸಾಲಿನ ಶಿರೋಲೇಖ. ಅದನ್ನು ಲೆಕ್ಕಿಸದೆ ಕಚೇರಿಯಲ್ಲಿಯೋ ಚಲಚ್ಚಿತ್ರದಲ್ಲಿಯೋ ಜನಪ್ರಿಯವಾದ ರಾಗದಲ್ಲಿ ಪದವನ್ನು ವಿಸ್ತರಿಸುವ ಇಂದಿನ ರೂಢಿಯು ಭಾಗವತನ ಕಂಠಕ್ಕೆ ಚಪ್ಪಾಳೆಯನ್ನು ತರಬಹುದು. ಕವಿಯನ್ನಂತೂ ಅವನ ಪದದಿಂದಲೇ ಹೊರಗಟ್ಟುತ್ತದೆ.

ಈ ಸೀಮೆಯ ಪದಕರ್ತರ ಪರಂಪರೆಯು ಅಲ್ಪವಾದುದಲ್ಲ. ಅಜನೆಂದರೆ ಬ್ರಹ್ಮನಾದುದರಿಂದ ಬ್ರಹ್ಮಾವರಕ್ಕೆ ಅಜಪುರವೆಂಬ ಹೆಸರನ್ನು ಕವಿಗಳು ಬಳಸಿದ್ದಾರೆ. ಅಜಪುರದ ವಿಷ್ಣುವಿನ ಹೆಸರು ವಿರಾಟಪರ್ವದ ಪ್ರಸಂಗದೊಡನೆ ಸೇರಿ ಬಂದಿದೆ. ಬೈಂದೂರಿನ ಭಾಗದ ಕೊಲ್ಲೂರಿನಲ್ಲಿ ಮೂಕಾಂಬಿಕೆಯ ಸನ್ನಿಧಿಯ ಸರಸ್ವತೀಮಂಟಪದಲ್ಲಿ ಗಾಯಕರು ಹಾಡಿ ಸೇವೆ ಸಲ್ಲಿಸುವ ಸಂಪ್ರದಾಯವಿದೆ. ಕುಂದಾಪುರಕ್ಕೆ ಸಂಬಂಧಿಸಿದವರಲ್ಲಿ ವಿಶೇಷವಾಗಿ ವಿಚಾರಾರ್ಹನಾದವನು ಮುದ್ದಣನು.

ನಂದಳಿಕೆಯ ಲಕ್ಷ್ಮೀನಾರಣಪ್ಪನು ೧೮೭೦ರಲ್ಲಿ ಜನಿಸಿ, ಉಡುಪಿಯಲ್ಲಿಯೂ ಕೆಲಕಾಲ ಕುಂದಾಪುರದಲ್ಲಿಯೂ ವ್ಯಾಯಾಮದ ಉಪಾಧ್ಯಾಯನಾಗಿದ್ದು, ೧೯೦೧ರಲ್ಲಿ ಕ್ಷಯರೋಗದಿಂದ ತೀರಿಕೊಂಡನು. ಶೂಬರ್ಟನ ಬಾಳೂ (೧೭೯೭-೧೮೨೮) ಮೂವತ್ತೊಂದೇ ವರ್ಷದ್ದು. ಅವನೂ ಕೆಲಕಾಲ ಶಾಲೆಯ ಉಪಾಧ್ಯಾಯನಾಗಿದ್ದವನು. ಸಾಮ್ಯವು ಆಯುಸ್ಸಿನಲ್ಲಿ ಮಾತ್ರವಿದ್ದರೆ ಅದನ್ನು ಹೇಳಬೇಕಾದುದಿರಲಿಲ್ಲ. ಇಬ್ಬರ ಕೀರ್ತಿಯ ಹೆಚ್ಚಿನ ಪಾಲು ಮರಣಾನಂತರದ್ದು. ಶೂಬರ್ಟನ ಅಪೂರ್ಣ ಸಿಂಫನಿಯನ್ನು ಜನರು ಕೇಳಿದುದು ೧೮೬೫ರಲ್ಲಿ. ಮುದ್ದಣನಾದರೋ ತನ್ನ ಅದ್ಭುತರಾಮಾಯಣ ರಾಮಾಶ್ವಮೇಧಗಳನ್ನು ಪ್ರಾಚೀನಕವಿಯ ಕೃತಿಗಳೆಂಬಂತೆ ಮೈಸೂರಿಗೆ ಕಳುಹಿಸಿ ತನ್ನ ಹೆಸರನ್ನೇ ಮರೆಸಿಕೊಂಡನು.

ಅವನು ರತ್ನಾವತೀಕಲ್ಯಾಣ, ಕುಮಾರವಿಜಯ ಎಂಬ ಎರಡು ಯಕ್ಷಗಾನಪ್ರಸಂಗಗಳನ್ನು ರಚಿಸಿದ್ದಾನೆ. ತರಗತಿಗಳಲ್ಲಿ ರಾಮಾಶ್ವಮೇಧದ ಗದ್ಯಕ್ಕೂ ಮುದ್ದಣ ಮನೋರಮೆಯರ ಸಲ್ಲಾಪಕ್ಕೂ ದೊರೆವ ಆದರದಲ್ಲಿ ಶತಾಂಶವೂ ಇವುಗಳಿಗೆ ದೊರೆತಿಲ್ಲ. ಇವು ಅಭ್ಯಾಸಕಾಲದ ರಚನೆಗಳು, ಹಳಗನ್ನಡ ಗದ್ಯವೇ ಅವನ ಪ್ರೌಢಿ, ಎಂಬ ತೀರ್ಪು ರೂಢವಾಗಿದೆ. ಆದರೆ ಈ ತೀರ್ಪನ್ನು ಕೊಟ್ಟವರು ಪದಗಳನ್ನು ಕಣ್ಣಿನಿಂದ ಓದಿ ಕೊಟ್ಟರು. ಕಿವಿಗೆಂದು ಕಟ್ಟಿದುದನ್ನು ಮೌನವಾಗಿ ಓದಿ ಬೆಲೆಕಟ್ಟುವುದು, ಚಳಿಗಾಲದ ಪಯಣವನ್ನು ಕುರಿತ ಶೂಬರ್ಟನ ಇಪ್ಪತ್ತನಾಲ್ಕು ಹಾಡುಗಳನ್ನು ಮ್ಯೂಲರನ ಪದ್ಯಗಳನ್ನಷ್ಟೇ ಓದಿ ಅಳೆದಂತಾಗುವುದು. ಆ ಪದ್ಯಗಳು ಸಾಮಾನ್ಯವೆನ್ನುವವರೂ ಹಾಡುಗಳು ಸಾಮಾನ್ಯವೆನ್ನುವುದಿಲ್ಲ. ಸಲ್ಲಾಪದ ಗದ್ಯದಲ್ಲಿ ಎಲ್ಲರೂ ಮೆಚ್ಚುವ ನುಡಿಯ ಬಳುಕು, ಪ್ರಶ್ನೋತ್ತರಗಳ ಚುರುಕು, ಮಾತಿನ ಲಯದ ಅರಿವು ಇವು ಪದಕರ್ತನಾಗಿ ಅವನು ಗಳಿಸಿದ ಸಂಪತ್ತಲ್ಲವೆ ಎಂದು ಪರಿಶೀಲಿಸಬೇಕಾಗಿದೆ. ಹಾಗಾದಲ್ಲಿ ಪ್ರಸಂಗಗಳು ಗದ್ಯದ ಮೆಟ್ಟಿಲಲ್ಲ, ಗದ್ಯದ ಬೇರು.

ಇಲ್ಲಿ ಇನ್ನೊಂದು ಆಕ್ಷೇಪವುಂಟು. ಶಿರೋಲೇಖಗಳು ಕವಿಯವೇ ಎಂಬುದಕ್ಕೆ ಪ್ರಮಾಣವೇನು? ಒಂದೇ ಪ್ರಸಂಗದ ಪ್ರತಿಗಳಲ್ಲಿ ರಾಗದ ಹೆಸರು ಬೇರೆ ಬೇರೆಯಾಗಿರುವುದುಂಟು. ಸಾಂಗತ್ಯವೆಂಬುದು ಛಂದಸ್ಸಿನ ಹೆಸರು, ಅದು ರಾಗವಾದುದು ಹೇಗೆ? ಘಂಟಾರವ, ಕೇತಾರಗೌಳ ಮೊದಲಾದವು ಇಂದಿನ ಕಚೇರಿಯ ಲಕ್ಷಣಕ್ಕೆ ಹೊಂದಿಯೇ ಹಾಡಲ್ಪಡುತ್ತಿದ್ದುವೆಂದು ಹೇಳುವುದು ಹೇಗೆ? ಈ ಪ್ರಶ್ನೆಗಳು ನ್ಯಾಯವಾದುವೇ. ಆದರೆ ತಾಳದ ವಿಷಯದಲ್ಲಿ ಸಂದೇಹಕ್ಕೆ ಎಡೆ ಕಡಿಮೆ. ತಾಳವು ಪದದ ಹೊರಗಿನ ಸೂಚನೆಯಲ್ಲ; ಮಾತ್ರಾಗಣದ ರೂಪದಲ್ಲಿ ಪದದ ಒಳಗೇ ಇದೆ. ಝಂಪೆಯ ಪದವು ಐದೈದು ಮಾತ್ರೆಯ ಗಣಗಳಲ್ಲಿ ನಡೆಯುತ್ತದೆ, ತ್ರಿವುಡೆಯದು ಮೂರು ನಾಲ್ಕರ ಜೋಡಿಯಲ್ಲಿ, ಏಕತಾಳದ್ದು ನಾಲ್ಕು ನಾಲ್ಕರಲ್ಲಿ. ವಾರ್ಧಕ ಷಟ್ಪದಿಯ ನಡೆಯನ್ನೂ ಭಾಮಿನಿಯ ನಡೆಯನ್ನೂ ಬಲ್ಲ ವಿದ್ಯಾರ್ಥಿಯು ಶಿರೋಲೇಖವನ್ನು ಮುಚ್ಚಿಟ್ಟರೂ ತಾಳವನ್ನು ಹೇಳಬಲ್ಲನು. ಗಣವು ಒಂದು ತಾಳವನ್ನು ಹೇಳುತ್ತಿರಲು ಶಿರೋಲೇಖವು ಇನ್ನೊಂದನ್ನು ಹೇಳಿದರೆ ಅಲ್ಲಿ ಲಿಪಿಕಾರನ ಕೈವಾಡವನ್ನು ಊಹಿಸಬಹುದು. ಎರಡೂ ಒಪ್ಪಿದಲ್ಲಿ ರಾಗದ ಹೆಸರಿಗೂ ಆ ಮಟ್ಟಿಗೆ ಬಲ ಬರುತ್ತದೆ. ಉಳಿದ ಸಂದೇಹಗಳನ್ನು ತಾಳೆಗರಿಗಳ ಪಾಠಾಂತರಗಳಿಂದಲೂ ಹಿರಿಯ ಭಾಗವತರ ಮಟ್ಟುಗಳ ಧ್ವನಿಮುದ್ರಿಕೆಗಳಿಂದಲೂ ತೀರಿಸಿಕೊಳ್ಳಬೇಕು. ಸಂದೇಹವಿದೆಯೆಂಬುದು ಶೋಧನೆಗೆ ಕಾರಣವಾಗಬೇಕೇ ಹೊರತು ಪರಿತ್ಯಾಗಕ್ಕಲ್ಲ.

ಈ ದಾರಿಯಲ್ಲಿ ಮೊದಲು ನಡೆದವರು ಕೋಟದ ಶಿವರಾಮ ಕಾರಂತರು (೧೯೦೨-೧೯೯೭). ಕೇಂದ್ರ ಸಾಹಿತ್ಯ ಅಕಾಡೆಮಿಯ ೧೯೫೯ರ ಪ್ರಶಸ್ತಿಯನ್ನು ಪಡೆದ 'ಯಕ್ಷಗಾನ ಬಯಲಾಟ'ವೆಂಬ ಅವರ ಗ್ರಂಥವು ಈ ಗಾನಕ್ಕೆ ತನ್ನದೇ ಆದ ಜಾತಿಯಿದೆಯೆಂದು ಸ್ಥಾಪಿಸಿತು. ಅವರು ತಮ್ಮ ಪ್ರಯೋಗಗಳಲ್ಲಿ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಸೇರಿಸಿದುದನ್ನು ಆಕ್ಷೇಪಿಸಿದವರುಂಟು. ವಾದ್ಯವು ಪರದೇಶದ್ದೆಂಬ ಮಾತ್ರಕ್ಕೆ ದೋಷವಿಲ್ಲ. ಪಿಟೀಲು ಕರ್ಣಾಟಕ ಸಂಗೀತಕ್ಕೇ ಒಗ್ಗಿದೆ. ಅರ್ಥದ ಮಾತನ್ನು ತಗ್ಗಿಸಿ ಪದವನ್ನು ನಡುವೆ ನಿಲ್ಲಿಸಿದುದು ಅವರ ಪ್ರಯೋಗದ ಗುಣ. ಆದರೆ ಪದಗಳನ್ನು ತಮ್ಮ ನೃತ್ಯಯೋಜನೆಗೆ ಬೇಕಾದಷ್ಟೇ ಆರಿಸಿಕೊಂಡುದರಿಂದ ಪ್ರಸಂಗವು ಸಮಗ್ರವಾಗಿ ಕೇಳಿಬರಲು ಅಲ್ಲಿ ಅವಕಾಶವಾಗಲಿಲ್ಲ. ಅವರಿಂದ ಪುನರುಜ್ಜೀವಿತವಾದುದು ಯಕ್ಷಗಾನದ ಗಾನ. ಪ್ರಸಂಗಕವಿಯ ಸಮಗ್ರಕೃತಿಯು ಇನ್ನೂ ಕಾಯುತ್ತಿದೆ.

ಆದುದರಿಂದ ಸಿದ್ಧಾಂತವಿಷ್ಟು. ಪ್ರಸಂಗಕವಿಯು ಶಾಸ್ತ್ರದ ಅಕ್ಷರದಲ್ಲಿ ಕುಟ್ಟಿಕಾರನಾದರೂ ಯೋಜನೆಯ ಔಚಿತ್ಯದಿಂದ ವಾಗ್ಗೇಯಕಾರಪದವಿಗೆ ಅರ್ಹನು. ಅವನಿಗೆ ಸಲ್ಲತಕ್ಕ ಉತ್ಸವವೆಂದರೆ ಭಾವಚಿತ್ರಕ್ಕೆ ಹಾರಹಾಕಿ ಉಪನ್ಯಾಸಮಾಡುವುದಲ್ಲ. ಮೇಲತ್ತೂರಿನಲ್ಲಿ ನಡೆಯುವಂತೆ ಕೃತಿಯನ್ನೇ ಹಾಡುವುದು. ಮೇಳಗಳು ತಿರುಗಾಟ ಮುಗಿಸಿದ ವೈಶಾಖಾಂತ್ಯದಲ್ಲಿ ಕುಂದಾಪುರದಲ್ಲಿಯೋ ಬ್ರಹ್ಮಾವರದಲ್ಲಿಯೋ ಒಂದಿರುಳು ಮುದ್ದಣನ ಕುಮಾರವಿಜಯವನ್ನು, ವೇಷವಿಲ್ಲದೆ, ಭಾಗವತರು ಮದ್ದಳೆ ಚಂಡೆಗಳೊಡನೆ ಮೊದಲಿಂದ ಕೊನೆಯವರೆಗೆ ಶಿರೋಲೇಖಕ್ಕೆ ತಪ್ಪದೆ ಹಾಡಿದರೆ ಸಾಕು. ಅದಕ್ಕೆ ಮುನ್ನ ಪಾಠವನ್ನು ಶೋಧಿಸಿ ಕೊಡುವುದು ವಿದ್ವಾಂಸರ ಪಾಲಿನ ಕೆಲಸ. ಪದದ ಗಣವನ್ನು ಕೈತಾಳದಿಂದ ವಿದ್ಯಾರ್ಥಿಗಳಿಗೆ ತೋರಿಸಿಕೊಡುವುದು ಸಾಹಿತ್ಯಾಧ್ಯಾಪಕರದು. ಹಳೆಯ ಮಟ್ಟುಗಳನ್ನು ಬಲ್ಲ ಭಾಗವತರ ಸಂಖ್ಯೆಯು ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿರುವುದರಿಂದ ಈ ಎರಡು ಕೆಲಸಗಳಿಗೂ ವಿಳಂಬವು ಸಲ್ಲದು.