ಸಂಕವ್ವನ ಒತ್ತೆ

ದುಬಲಗುಂಡಿಯವರಿಗೆ ಬಸವಕಲ್ಯಾಣ ದೂರದ ಊರಲ್ಲ. ಹೋದವರು ತ್ರಿಪುರಾಂತಕ ಕೆರೆ ನೋಡುತ್ತಾರೆ, 108 ಅಡಿಯ ಬಸವಣ್ಣನ ಪ್ರತಿಮೆಯ ಮುಂದೆ ಕತ್ತೆತ್ತಿ ನಿಲ್ಲುತ್ತಾರೆ. ವಚನದ ರುಚಿ ಹತ್ತಿದವರು ಅಲ್ಲಿ ನೆನೆಯಲೇಬೇಕಾದ ಇನ್ನೊಂದು ಹೆಸರಿದೆ: ಸೂಳೆ ಸಂಕವ್ವ. 12ನೆಯ ಶತಮಾನದ ಈ ಶರಣೆಯದೆಂದು ಉಳಿದಿರುವುದು ಒಂದೇ ಒಂದು ವಚನ.

ಅದು ಶುರುವಾಗುವುದೇ ಕಸುಬಿನ ಮಾತಿನಿಂದ. ಒಬ್ಬನಿಂದ ಒತ್ತೆ, ಅಂದರೆ ಮುಂಗಡ ಹಣ, ಹಿಡಿದ ಮೇಲೆ ಇನ್ನೊಬ್ಬನದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಮಾನವೂ ಹೋಯಿತು, ಪ್ರಾಣವೂ ಹೋಯಿತು. ವ್ರತಗೆಟ್ಟವನೆಂದು ತಿಳಿದೂ ಕೂಡಿದರೆ ಕೈ, ಕಿವಿ, ಮೂಗಿಗೇ ಸಂಚಕಾರ. ಭಕ್ತಿಯನ್ನು ಪತಿವ್ರತೆಯ ಭಾಷೆಯಲ್ಲಿ ಹೇಳುವುದು ವಚನಕಾರರಿಗೆ ರೂಢಿ. ಸಂಕವ್ವ ಆ ನಿಷ್ಠೆಯನ್ನು ತನ್ನ ಓಣಿಯ ಕರಾರಿನಲ್ಲೇ ಹುಡುಕಿದಳು. ಶಿವನೊಡನೆಯೂ ಆಕೆಯದು ಹಿಡಿದ ಒತ್ತೆಯ ಸಂಬಂಧವೇ.

ಅಂಕಿತವೋ, ನಿರ್ಲಜ್ಜೇಶ್ವರ! ಊರು ತನ್ನತ್ತ ಎಸೆದಿರಬಹುದಾದ ಬೈಗುಳವನ್ನೇ ದೇವರ ಹೆಸರಾಗಿಸಿದ ಧೈರ್ಯ ಅದು.

ಹೆಸರನ್ನು ಹೀಗೆ ಪದ್ಯದೊಳಗೆ ದುಡಿಸಿದ ಇನ್ನೊಬ್ಬಳು 16ನೆಯ ಶತಮಾನದ ಕೊರಿಯಾದಲ್ಲಿದ್ದಳು. ಕೇಸಾಂಗ್ ಊರಿನ ಹ್ವಾಂಗ್ ಜಿನಿ ಗಿಸೆಂಗ್, ಅಂದರೆ ಹಾಡು, ಕುಣಿತ, ಕಾವ್ಯ ಕಲಿತ ಗಣಿಕೆ. ಮೂರು ಸಾಲಿನ ‘ಸಿಜೊ’ ಎಂಬ ಪದ್ಯಜಾತಿಯಲ್ಲಿ ಆಕೆಯವೆನ್ನುವುದು ಆರೇಳು ಮಾತ್ರ. ವೃತ್ತಿನಾಮ ಮ್ಯೊಂಗ್‌ವೊಲ್, ಎಂದರೆ ಬೆಳ್ಳಗೆ ಹೊಳೆವ ಚಂದ್ರ. ಯಾವ ಹೆಣ್ಣಿಗೂ ಮರುಳಾಗೆನೆಂದು ಬೀಗುತ್ತಿದ್ದ ರಾಜವಂಶದವನೊಬ್ಬನ ಹೆಸರಿನಲ್ಲಿ ಹಸಿರು ತೊರೆ ಎಂಬ ಅರ್ಥವೂ ಕೇಳುತ್ತಿತ್ತು. ಓಡುವ ತೊರೆಯನ್ನು ಚಂದ್ರ ತಡೆದು ಮಾತಾಡಿಸುವಂತೆ ಆಕೆ ಹಾಡಿದಳು. ಕೇಳಿದವನು ಸವಾರಿಯಿಂದಲೇ ಉರುಳಿಬಿದ್ದನೆಂದು ಕತೆ. ಕತೆ ಸುಳ್ಳಿರಬಹುದು, ಶ್ಲೇಷೆ ಸುಳ್ಳಲ್ಲ. 2006ರಲ್ಲಿ ಅವಳ ಬಾಳು ಟಿವಿ ಧಾರಾವಾಹಿಯಾಯಿತು, 2007ರಲ್ಲಿ ಸಿನಿಮಾ.

ಸಂಕವ್ವನಿಗೆ ಅಂಥ ವೈಭವವಿಲ್ಲ. ವೀರಣ್ಣ ರಾಜೂರ ಸಂಪಾದಿಸಿದ ಶಿವಶರಣೆಯರ ಸಂಪುಟದಲ್ಲಿ, ಅಕ್ಕಮಹಾದೇವಿಯ ನೂರಾರು ವಚನಗಳಿರುವ ಅದೇ ಪುಸ್ತಕದಲ್ಲಿ, ಈಕೆಗೆ ಒಂದು ಮೂಲೆ. ‘ಸೂಳೆ’ ಎಂಬ ಮಾತು ನುಂಗಿ ಬರಿಯ ಸಂಕವ್ವ ಎನ್ನುವವರೂ ಇದ್ದಾರೆ. ಸಂಕೋಚ ಅವರದು.

ಈ ವಚನವನ್ನು ಕಣ್ಣಲ್ಲಿ ಓದಿದರೆ ಅರ್ಧ ರುಚಿ. ಗಟ್ಟಿಯಾಗಿ ಓದಿ ನೋಡಬೇಕು: ಒತ್ತೆ, ಬತ್ತಲೆ, ಕತ್ತಿ ಎಂದು ‘ತ್ತ’ಕಾರ ಪೆಟ್ಟಿನ ಮೇಲೆ ಪೆಟ್ಟು ಕೊಡುತ್ತ ಬರುತ್ತದೆ. ಕೊನೆಗೆ ಅದು ಸಡಿಲಿ ‘ಲ್ಲ’ಕಾರಕ್ಕೆ ಹೊರಳುತ್ತದೆ, ಒಲ್ಲೆನೆಂಬ ಮಾತು ಬರುತ್ತದೆ, ಹಿಂದೆಯೇ ಆಣೆ.