ಮುಗಿಯಲೊಲ್ಲದ ಆಟ

ಟೂರ್ನಿ ಚದುರಂಗದಲ್ಲಿ ಅತಿ ಉದ್ದದ ಆಟವೆಂಬ ಹೆಸರು ಇವಾನ್ ನಿಕೋಲಿಚ್ ಮತ್ತು ಗೋರಾನ್ ಆರ್ಸೊವಿಚ್ 1989ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಆಡಿದ ಆಟಕ್ಕಿದೆ. 269 ನಡೆ, ಇಪ್ಪತ್ತು ಗಂಟೆ ಹದಿನೈದು ನಿಮಿಷ, ಕೊನೆಗೆ ಡ್ರಾ. ಕೊನೆಯ ನೂರು ನಡೆಗಳಲ್ಲಿ ಹಲಗೆಯ ಮೇಲಿದ್ದದ್ದು ಐದೇ ಕಾಯಿ: ಇಬ್ಬರು ರಾಜರು, ಎರಡು ಆನೆ, ಒಂದು ಒಂಟೆ. ಒಂಟೆ ಇದ್ದವನು ಅಟ್ಟುತ್ತಾನೆ, ಇಲ್ಲದವನು ತಪ್ಪಿಸಿಕೊಳ್ಳುತ್ತಾನೆ. ಇದನ್ನು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಆಟಗಾರರ ಹಟವನ್ನು ಹಳಿಯುತ್ತಾರೆ. ನಗುವುದರಲ್ಲಿ ತಪ್ಪಿಲ್ಲ. ಆದರೆ ಆ ನಗುವಿಗೆ ಗುರಿಯಾಗಬೇಕಾದದ್ದು ನಡೆಗಳ ಲೆಕ್ಕವಲ್ಲ. ಎದುರಾಳಿ ಎಡವಬಹುದಾದ ಜಾಗವನ್ನು ಪ್ರತಿ ನಡೆಯೂ ಹೊಸದಾಗಿ ಹುಡುಕುತ್ತಿರುವಷ್ಟು ಕಾಲ ಆಟ ಎಷ್ಟೇ ಬೆಳೆದರೂ ಅದು ಆಟವೇ. ಆ ಹುಡುಕಾಟ ನಿಂತು ಕೈ ಮಾತ್ರ ಓಡಾಡತೊಡಗಿದ ಮೇಲೆ ಅದು ಅರವತ್ತನೇ ನಡೆಯಲ್ಲೇ ಹಾಸ್ಯಾಸ್ಪದವಾಗಬಹುದು.

ಬೆಲ್‌ಗ್ರೇಡ್ ಆಟದ ಉದ್ದಕ್ಕೆ ಅರ್ಧ ಕಾರಣ ನಿಯಮದ್ದು. ಕಾಯಿ ಹೊಡೆಯದೆ, ಕಾಲಾಳನ್ನು ಸರಿಸದೆ ಐವತ್ತು ನಡೆ ಕಳೆದರೆ ಡ್ರಾ ಕೇಳಬಹುದೆಂಬುದು ಹಳೆಯ ಕಟ್ಟಳೆ. ಆದರೆ ಕೆಲವು ಅಂತ್ಯದಾಟಗಳಲ್ಲಿ ಗೆಲುವಿಗೆ ಐವತ್ತಕ್ಕಿಂತ ಹೆಚ್ಚು ನಡೆ ಬೇಕೆಂದು ಗೊತ್ತಾದಾಗ ವಿಶ್ವ ಚೆಸ್ ಸಂಸ್ಥೆ ಫಿಡೆ ವಿನಾಯಿತಿ ಕೊಟ್ಟಿತು; ಆನೆ-ಒಂಟೆ ವಿರುದ್ಧ ಆನೆಯ ಸ್ಥಿತಿಗೆ ಆಗ ನೂರು ನಡೆಗಳ ಅವಕಾಶವಿತ್ತು. ಐವತ್ತರ ಕಟ್ಟಳೆಯೇ ಇದ್ದಿದ್ದರೆ ಈ ಆಟ 220ರ ಆಸುಪಾಸಿನಲ್ಲಿ ಮುಗಿದು, ದಾಖಲೆ 2016ರಲ್ಲಿ ಚೆಕ್ ದೇಶದ ಟುರ್ನೋವ್‌ನಲ್ಲಿ ಡಾನಿನ್ ಅವರು ಅಜಾರೋವ್ ಅವರನ್ನು 239 ನಡೆಗಳಲ್ಲಿ ಸೋಲಿಸಿದ ಆಟಕ್ಕೆ ಹೋಗುತ್ತಿತ್ತು. ಅದಾದರೂ ಗೆಲುವಿನಲ್ಲಿ ಮುಗಿದ ಆಟ. ಕಂಪ್ಯೂಟರ್ ಲೆಕ್ಕದ ಪ್ರಕಾರ ಆನೆ-ಒಂಟೆಯ ಗೆಲ್ಲುವ ಸ್ಥಿತಿಗಳಿಗೆ ಅತಿ ಹೆಚ್ಚೆಂದರೆ 59 ನಡೆ ಸಾಕು. ನೂರು ಎಂಬುದು ಉದಾರತೆ ಮಿತಿಮೀರಿದ ಸಂಖ್ಯೆ. 1990ರ ದಶಕದ ಆರಂಭದಲ್ಲಿ ಫಿಡೆ ವಿನಾಯಿತಿಗಳನ್ನೆಲ್ಲ ಕಿತ್ತುಹಾಕಿ ಐವತ್ತಕ್ಕೇ ಮರಳಿತು. ಇದು ಬೇಸರದ ತೀರ್ಮಾನವಲ್ಲ, ವಿವೇಕದ್ದು. ವಿನಾಯಿತಿಗಳ ದಾರಿಗೆ ಕೊನೆಯೇ ಇರಲಿಲ್ಲ. 2012ರಲ್ಲಿ ಮಾಸ್ಕೋದ ಲೊಮೊನೊಸೊವ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್ ಏಳು ಕಾಯಿಗಳ ಬಹುತೇಕ ಎಲ್ಲ ಸ್ಥಿತಿಗಳನ್ನೂ ಬಿಡಿಸಿಟ್ಟಾಗ, 549 ನಡೆಗಳ ನಂತರವಷ್ಟೇ ಚೆಕ್‌ಮೇಟ್ ಆಗುವ ಸ್ಥಿತಿಯೊಂದು ಸಿಕ್ಕಿತು. ಅದರ ಬಹುಪಾಲು ನಡೆಗಳು ಯಾಕೆ ಸರಿ ಎಂದು ಯಾವ ಗ್ರಾಂಡ್‌ಮಾಸ್ಟರ್‌ಗೂ ವಿವರಿಸಲಾಗದು. ಆ 549 ನಡೆಗಳಲ್ಲಿ ಒಂದೂ ತಪ್ಪಿಲ್ಲ, ಆದ್ದರಿಂದಲೇ ಅದನ್ನು ಆಟವೆಂದು ಕರೆಯಲು ಮನಸ್ಸು ಬರುವುದಿಲ್ಲ. ಮನುಷ್ಯರ ಉದ್ದದಾಟಕ್ಕೆ ಕಚ್ಚಾವಸ್ತು ದಣಿವು. ಆ ದಣಿವಿನಿಂದ ಆಟಗಾರ ಏನು ಮಾಡಿಕೊಂಡ ಎಂಬುದನ್ನೇ ವಿಮರ್ಶೆ ತೂಗಬೇಕು.

ಹಾಗೆ ತೂಗಿದಾಗ ಎಲ್ಲಕ್ಕಿಂತ ಮೇಲೆ ನಿಲ್ಲುವುದು 2021ರ ಡಿಸೆಂಬರ್‌ನಲ್ಲಿ ದುಬೈಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಆರನೇ ಆಟ. ಮ್ಯಾಗ್ನಸ್ ಕಾರ್ಲ್‌ಸನ್, ಇಯಾನ್ ನೆಪೊಮ್ನಿಯಾಷಿ. 136 ನಡೆ, ಏಳೂಮುಕ್ಕಾಲು ಗಂಟೆ. ಅದಕ್ಕೆ ಮುಂಚಿನ ಐದೂ ಆಟ ಡ್ರಾ. ಮೂರು ವರ್ಷ ಹಿಂದೆ ಲಂಡನ್‌ನಲ್ಲಿ ಇದೇ ಪಟ್ಟಕ್ಕಾಗಿ ಕಾರ್ಲ್‌ಸನ್-ಕರುವಾನಾ ಆಡಿದ ಹನ್ನೆರಡೂ ಕ್ಲಾಸಿಕಲ್ ಆಟ ಡ್ರಾ. ಈ ಮಟ್ಟದಲ್ಲಿ ಇನ್ನು ಯಾರೂ ಯಾರನ್ನೂ ಸೋಲಿಸಲಾರರು ಎಂಬ ಮಾತು ಹುಟ್ಟಿದ ಹೊತ್ತು ಅದು. ಬಿಳಿ ಕಾಯಿಗಳ ಕಾರ್ಲ್‌ಸನ್ 26ನೇ ನಡೆಯಲ್ಲಿ ರಾಣಿಯನ್ನು ಬಿಟ್ಟುಕೊಟ್ಟು ಎರಡು ಆನೆಗಳನ್ನು ಪಡೆದರು. ಬಲ ಹೆಚ್ಚುಕಮ್ಮಿ ಸಮವೇ ಇತ್ತು, ಆದರೆ ಆಟದ ಜಾತಿ ಬದಲಾಯಿತು. ನಲವತ್ತನೇ ನಡೆಯ ಮುನ್ನ ಸಮಯದ ಒತ್ತಡದಲ್ಲಿ ಇಬ್ಬರೂ ಅವಕಾಶ ಕಳೆದುಕೊಂಡರು. ನಿಜವಾದ ಆಟ ಶುರುವಾದದ್ದು ಅದಾದ ಮೇಲೆ. ಅರವತ್ತು ನಡೆ ದಾಟಿದ ಮೇಲೆ ಸಿಕ್ಕಿದ್ದು ಹದಿನೈದು ನಿಮಿಷ, ಜೊತೆಗೆ ಪ್ರತಿ ನಡೆಗೆ ಮೂವತ್ತು ಸೆಕೆಂಡು. ಅದರಲ್ಲೇ ಇನ್ನೂ ಎಪ್ಪತ್ತಾರು ನಡೆ. ಕೊನೆಗೆ ಒಂದು ಕಡೆ ಆನೆ, ಕುದುರೆ, ಎರಡು ಕಾಲಾಳು. ಇನ್ನೊಂದು ಕಡೆ ಒಂಟಿ ರಾಣಿ. ರಾಣಿ ತೆರೆದ ಹಲಗೆಯಲ್ಲಿ ದೂರದಿಂದ ಚೆಕ್ ಕೊಡುತ್ತಲೇ ಇರಬೇಕು. ಬಿಳಿ ಕಾಯಿಗಳು ಒಂದಕ್ಕೊಂದು ಒತ್ತಾಸೆಯಾಗಿ, ರಾಜನನ್ನು ನಡುವೆ ಇಟ್ಟುಕೊಂಡು ಒಂದೊಂದೇ ಮನೆ ಮುಂದೆ ಸರಿಯುತ್ತವೆ. ಒಂದೊಂದು ಸರಿತಕ್ಕೂ ರಾಣಿ ನಿಲ್ಲಬೇಕಾದ ಮನೆ ಬದಲಾಗುತ್ತದೆ. ಹೀಗೆ ಸರಿಯುತ್ತ 130ನೇ ನಡೆಯಲ್ಲಿ ರಾಣಿ ನಿಲ್ಲಬಾರದ ಮನೆಯಲ್ಲಿ ನಿಂತಿತು. ಇನ್ನಾರು ನಡೆಗೆ ಆಟ ಮುಗಿಯಿತು.

ಇಲ್ಲಿ ಆಕ್ಷೇಪ ಏಳುತ್ತದೆ: ಬಿಡಿಸಿಟ್ಟ ಸ್ಥಿತಿಗಳ ಕೋಶದ, ಅಂದರೆ ಟೇಬಲ್‌ಬೇಸ್‌ನ, ಪ್ರಕಾರ ಆ ಸ್ಥಿತಿ 130ನೇ ನಡೆಯ ತನಕ ಡ್ರಾ. ಅಂದಮೇಲೆ ಕಾರ್ಲ್‌ಸನ್ ಗೆದ್ದದ್ದು ತಮ್ಮ ಜಾಣ್ಮೆಯಿಂದಲ್ಲ, ಎದುರಾಳಿಯ ಆಯಾಸದಿಂದ. ಇದು ಬುದ್ಧಿಯ ಸ್ಪರ್ಧೆಯಲ್ಲ, ಕೂರುವ ಸ್ಪರ್ಧೆ. ಈ ವಾದಕ್ಕೆ ಬಲವಿಲ್ಲವೆಂದಲ್ಲ. ಆದರೆ ಎದುರಾಳಿ ತಪ್ಪದೆ ಗೆದ್ದ ಚದುರಂಗ ಯಾವುದಿದೆ? ಇಪ್ಪತ್ತೈದು ನಡೆಗಳಲ್ಲಿ ಮುಗಿಯುವ ಮಿಂಚಿನ ದಾಳಿಯೂ ಯಾರದೋ ತಪ್ಪಿನ ಮೇಲೇ ನಿಂತಿರುತ್ತದೆ; ಅಲ್ಲಿ ತಪ್ಪು ಬೇಗ ಆಗಿರುತ್ತದೆ, ಅಷ್ಟೆ. ದುಬೈಯಲ್ಲಿ ಕಾರ್ಲ್‌ಸನ್ ಕಾದು ಕೂತಿರಲಿಲ್ಲ, ಉತ್ತರ ಹುಡುಕುವುದು ಕಷ್ಟವಾದ ಪ್ರಶ್ನೆಗಳನ್ನು ಬಿಡದೆ ಒಡ್ಡುತ್ತಿದ್ದರು. ಆ ಪ್ರಶ್ನೆಗಳ ಭಾರ ಎಷ್ಟಿತ್ತೆಂಬುದು ಆಮೇಲೆ ಕಂಡಿತು: ನೆಪೊಮ್ನಿಯಾಷಿ ಎಂಟು, ಒಂಬತ್ತು, ಹನ್ನೊಂದನೇ ಆಟಗಳನ್ನೂ ಸೋತರು. ಒಂಬತ್ತರಲ್ಲಂತೂ ತಮ್ಮ ಒಂಟೆಯನ್ನು ತಾವೇ ಬೋನಿಗೆ ಬಿಟ್ಟರು. ಇನ್ನು ದೇಹಬಲ ಚದುರಂಗಕ್ಕೆ ಹೊರಗಿನದೆಂಬ ಮಾತು. ಅದನ್ನು ಆಟ ಹತ್ತೊಂಬತ್ತನೇ ಶತಮಾನದಲ್ಲೇ ಬಿಟ್ಟುಕೊಟ್ಟಿದೆ. ಗಡಿಯಾರ ಇಲ್ಲದ ಕಾಲದಲ್ಲಿ, 1857ರ ನ್ಯೂಯಾರ್ಕ್ ಕೂಟದಲ್ಲಿ, ಪೌಲ್ಸನ್ ಒಂದೊಂದು ನಡೆಗೂ ಯೋಚಿಸುತ್ತ ಕೂತು ಎದುರಾಳಿ ಮಾರ್ಫಿಯ ತಾಳ್ಮೆಯನ್ನೇ ಪರೀಕ್ಷಿಸಿದರು. ಅಂಥ ಕಾಟ ತಾಳಲಾರದೆ ಮೊದಲು ಮರಳುಗಡಿಯಾರ, 1883ರ ಲಂಡನ್ ಟೂರ್ನಿಯ ಹೊತ್ತಿಗೆ ಯಂತ್ರದ ಗಡಿಯಾರ ಬಂದವು. ಸಮಯವೂ ಒಂದು ಕಾಯಿ ಎಂದು ಒಪ್ಪಿದ ಮೇಲೆ ದಣಿವನ್ನು ಹೊರಗಿಡುವುದು ಹೇಗೆ?

ಒಪ್ಪಬೇಕಾದ ಮಿತಿಯೂ ಇದೆ. 1984ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋದಲ್ಲಿ ಶುರುವಾದ ಕಾರ್ಪೋವ್-ಕ್ಯಾಸ್ಪರೋವ್ ಪಂದ್ಯದಲ್ಲಿ ಮೊದಲು ಆರು ಆಟ ಗೆದ್ದವನೇ ವಿಶ್ವ ಚಾಂಪಿಯನ್. ಐದು ತಿಂಗಳು, 48 ಆಟ, ಅದರಲ್ಲಿ 40 ಡ್ರಾ. 1985ರ ಫೆಬ್ರುವರಿಯಲ್ಲಿ ಕಾರ್ಪೋವ್ 5-3ರಿಂದ ಮುಂದಿರುವಾಗಲೇ ಫಿಡೆ ಅಧ್ಯಕ್ಷ ಕ್ಯಾಂಪೊಮಾನೆಸ್ ಪಂದ್ಯವನ್ನು ಫಲಿತಾಂಶವಿಲ್ಲದೆ ನಿಲ್ಲಿಸಿದರು. ಅಲ್ಲಿ ದಣಿವು ಆಟಕ್ಕೆ ಆಯುಧವಾಗದೆ ಆಟವನ್ನೇ ನುಂಗಿತು.

ನಗು ತರಿಸುವ ಉದ್ದದಾಟಗಳಲ್ಲಿ ನನ್ನ ಆಯ್ಕೆ ಬೆಲ್‌ಗ್ರೇಡ್ ಅಲ್ಲ, ಫಿಲಿಪ್ಪೀನ್ಸ್‌ನ ಬಾಗಿಯೊ. 1978ರ ವಿಶ್ವ ಚಾಂಪಿಯನ್‌ಷಿಪ್‌ನ ಐದನೇ ಆಟವದು, 124 ನಡೆ. ಸೋವಿಯತ್ ದೇಶ ಬಿಟ್ಟು ಬಂದಿದ್ದ ಕೊರ್ಚ್ನಾಯ್‌ಗೂ ಸೋವಿಯತ್ತಿನ ಕಣ್ಮಣಿ ಕಾರ್ಪೋವ್‌ಗೂ ಮಾತುಕತೆ ಇರಲಿಲ್ಲ. ಕುರ್ಚಿ, ಮೊಸರು, ಸಭಿಕರ ನಡುವೆ ಕೂತು ದಿಟ್ಟಿಸುವ ಮನಶ್ಶಾಸ್ತ್ರಜ್ಞ, ಎಲ್ಲದರ ಬಗ್ಗೆಯೂ ದೂರು. ಕೊರ್ಚ್ನಾಯ್ ಆ ಆಟದಲ್ಲಿ ಸಿಕ್ಕ ಚೆಕ್‌ಮೇಟ್ ದಾರಿಯನ್ನು ಸಮಯದ ಒತ್ತಡದಲ್ಲಿ ಕಾಣದೆ ಬಿಟ್ಟರು. ಡ್ರಾ ಎಂದು ಸ್ಪಷ್ಟವಾದ ಮೇಲೂ ನಿಲ್ಲಿಸದೆ, ಕೊನೆಗೆ ಎದುರಾಳಿಯನ್ನು ತಾವೇ ಸ್ಟೇಲ್‌ಮೇಟ್ ಮಾಡಿ ಎದ್ದರು. ಆ ಕೊನೆಯ ನಡೆಗಳು ಕಾರ್ಪೋವ್‌ಗೆ ಒಡ್ಡಿದ ಪ್ರಶ್ನೆ ಏನೂ ಇಲ್ಲ. ಚದುರಂಗವಾಗಿ ಅವು ಟೊಳ್ಳು; ದ್ವೇಷದ ದಾಖಲೆಯಾಗಿ ಮಾತ್ರ ಬೆಲೆಯುಳ್ಳವು. ಬಾಯಿ ಬಿಟ್ಟು ಡ್ರಾ ಕೇಳುವ ಬದಲು ಹಲಗೆಯ ಮೇಲೇ ಬಾಗಿಲು ಹಾಕಿಬಿಡುವುದು ಸಣ್ಣತನವೂ ಹೌದು, ಒಂಥರಾ ಗತ್ತೂ ಹೌದು.

ಈ ಅಳತೆಗೆ ಸುಲಭವಾಗಿ ಸಿಗದ ಆಟ 2014ರಲ್ಲಿ ಸೋಚಿಯಲ್ಲಿ ನಡೆಯಿತು. ಬಾಗಿಯೊಗಿಂತ ಎರಡೇ ನಡೆ ಕಡಿಮೆ, 122. ನಮ್ಮ ವಿಶ್ವನಾಥನ್ ಆನಂದ್ ಒಂದು ಕಾಯಿಯನ್ನು ಕಾಲಾಳುಗಳಿಗೆ ಬಿಟ್ಟುಕೊಟ್ಟು, ಕಾರ್ಲ್‌ಸನ್ ಎದುರು ಗಂಟೆಗಟ್ಟಲೆ ಕೋಟೆ ಕಾದು ಡ್ರಾ ಉಳಿಸಿಕೊಂಡರು. ಕೊನೆಯ ಹಂತದಲ್ಲಿ ಕಾರ್ಲ್‌ಸನ್ ಸುಮ್ಮನೆ ಎಳೆದರು ಎಂದು ಆಗ ಹಲವರಿಗೆ ಅನ್ನಿಸಿದ್ದು ಸಹಜ. ಆದರೆ ಏಳು ವರ್ಷದ ನಂತರದ ದುಬೈ ಆಟವನ್ನು ನೋಡಿ ಹಿಂದಿರುಗಿದರೆ ಎರಡರಲ್ಲೂ ಅದೇ ಕೈ, ಅದೇ ಪಟ್ಟು. ಒಂದರಲ್ಲಿ ಎದುರಾಳಿ ತಪ್ಪಿದ, ಇನ್ನೊಂದರಲ್ಲಿ ತಪ್ಪಲಿಲ್ಲ. ಸೋಚಿಯ ಆಟವನ್ನು ಉದ್ದವಾಯಿತೆಂದು ಬದಿಗೆ ಸರಿಸಿದರೆ ನಷ್ಟವಾಗುವುದು ಕಾರ್ಲ್‌ಸನ್‌ಗಲ್ಲ, ಆ ದಿನ ಪ್ರತಿ ಪ್ರಶ್ನೆಗೂ ಸರಿಯುತ್ತರ ಕೊಟ್ಟ ಆನಂದ್‌ಗೆ.