ಬಾರಿಯಾ ಕಪ್ಪಿನ ಏಣಿ

ಮುಂಬಯಿಯ ಅರ್ದೇಶಿರ್ ಬಾರಿಯಾ ಮಗನ ನೆನಪಿಗೆ ಕೊಟ್ಟ ಕಪ್ಪು ರೋಹಿಂಟನ್ ಬಾರಿಯಾ ಟ್ರೋಫಿ. ವಿಶ್ವವಿದ್ಯಾಲಯಗಳ ಈ ಕ್ರಿಕೆಟ್ ಪಂದ್ಯಾವಳಿ ಶುರುವಾದದ್ದು 1935-36ರಲ್ಲಿ, ರಣಜಿ ಟ್ರೋಫಿಯ ಮರುವರ್ಷವೇ. ನನಗೆ ಕಪ್ಪಿಗಿಂತ ಅದರ ಏಣಿ ಇಷ್ಟ. ಕೆಜಿಎಫ್ ಅಥವಾ ಬಂಗಾರಪೇಟೆಯ ಹುಡುಗ ಮೊದಲು ಕಾಲೇಜು ತಂಡ ಸೇರಬೇಕು. ಆಮೇಲೆ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ತಂಡ, ದಕ್ಷಿಣ ವಲಯ, ಕೊನೆಗೆ ಅಖಿಲ ಭಾರತ. ವಲಯದಲ್ಲಿ ಮಿಂಚಿದರಷ್ಟೇ ಮುಂದಿನ ದಾರಿ. ಅಮೆರಿಕದ ಕಾಲೇಜು ಬೇಸ್‌ಬಾಲ್‌ನಲ್ಲೂ ಹೀಗೆಯೇ: ಕಾನ್ಫರೆನ್ಸ್ (ಕಾಲೇಜುಗಳ ಗುಂಪು) ಟೂರ್ನಿ ಗೆದ್ದವರಿಗೆ ಸಾಮಾನ್ಯವಾಗಿ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆದರೂ ಅಲ್ಲಿನ ಮಾರಿಕುಪ್ಪಂ ರೈಲು ಬಂಗಾರಪೇಟೆ ಹಾದು ಬೆಂಗಳೂರಿಗೆ ಓಡುತ್ತಲೇ ಇದೆ. ಅದರಲ್ಲಿ ಕ್ರಿಕೆಟ್ ಕಿಟ್ ಹೊತ್ತ ಹುಡುಗರು ಕಂಡರೆ ದಯವಿಟ್ಟು ಸ್ವಲ್ಪ ಜಾಗ ಬಿಡಿ.